ಅನ್ಯ ಧ್ವನಿ

ಸಿಟ್ಟು ಇಳಿದ ಮೇಲೆ ಬರೆಯಿರಿ ಎಂದು ನನಗೆ ಬುದ್ಧಿ ಹೇಳಿದವರಿದ್ದಾರೆ. ಇಳಿಯುವವರೆಗೆ ಕಾದರೆ ನಾನು ಬರೆಯುವುದೇ ಇಲ್ಲ, ಬರೆದರೂ ನಮ್ಮ ಮುಖ್ಯಸ್ಥ ಡಾ. ಜಾಲಿಹಾಳರ ವರದಿಯ ಹಾಗೆ ‘ಕೆಲವು ತಾಂತ್ರಿಕ ಕೊರತೆಗಳು ಗಮನಕ್ಕೆ ಬಂದಿವೆ’ ಎಂದು ಬರೆದೇನು. ಅದಕ್ಕೇ ಈಗಲೇ ಕುಳಿತಿದ್ದೇನೆ. ನನ್ನ ಹೆಸರು ಅನಸೂಯಾ ಬಡಿಗೇರ. ಮಾನಸಿಕ ರೋಗಿಗಳ ವಾರ್ಡಿನಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿ ದುಡಿದು, ಆಮೇಲಿನ ನಾಲ್ಕು ವರ್ಷ ಹುಬ್ಬಳ್ಳಿಯ ‘ಓಗೊಡು’ ಕೇಂದ್ರದಲ್ಲಿದ್ದೆ. ಬಾಣಂತಿಯ ದನಿ ಕೇಳಿ ಅವಳ ಮನಸ್ಸಿನ ಸ್ಥಿತಿ ಹೇಳುವ ಯಂತ್ರ ಇದ್ದದ್ದು ಅಲ್ಲೇ. ಆ ಯಂತ್ರಕ್ಕೆ ಕೇಳುವುದನ್ನು ಕಲಿಸಿದವರಲ್ಲಿ ನಾನೂ ಒಬ್ಬಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೆರಿಗೆಯ ನಂತರ ಕೆಲವು ಹೆಂಗಸರನ್ನು ಹಿಡಿಯುವ ಖಿನ್ನತೆ ಹೊಸ ಕಾಯಿಲೆಯಲ್ಲ. ನಮ್ಮ ಕಡೆ ಅದನ್ನು ಗಾಳಿ ಅಂದರು, ದೃಷ್ಟಿ ಅಂದರು, ತವರಿನವರು ಮುದ್ದು ಮಾಡಿ ಕೆಡಿಸಿದ್ದು ಅಂದರು. ಕಾಯಿಲೆ ಅಂತ ಮಾತ್ರ ಅನ್ನಲಿಲ್ಲ. ಅದಕ್ಕೆ ಮದ್ದಿದೆ, ಮಾತಿನ ಚಿಕಿತ್ಸೆ ಇದೆ, ಹೊತ್ತಿಗೆ ಸರಿಯಾಗಿ ಸಿಕ್ಕರೆ ವಾಸಿಯಾಗುತ್ತದೆ. ಆದರೆ ಊರಿಗೊಬ್ಬ ಮನೋವೈದ್ಯರಿರಲಿ, ತಾಲ್ಲೂಕಿಗೊಬ್ಬರೂ ಇಲ್ಲ. ಹಾಗಾಗಿ ೨೦೩೪ರಲ್ಲಿ ಒಂದು ಪ್ರತಿಷ್ಠಾನದವರು ಈ ಯಂತ್ರ ತಂದಾಗ ನಾನು ನಿಜವಾಗಿಯೂ ಸಂತೋಷಪಟ್ಟಿದ್ದೆ.

ಹೆರಿಗೆಯಾದ ಮೂರನೇ ದಿನದಿಂದ ಮೂರು ತಿಂಗಳವರೆಗೆ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಬಾಣಂತಿಗೆ ಒಂದು ಕರೆ ಹೋಗುತ್ತದೆ. ಯಂತ್ರ ಮಾತಾಡುವುದು ಹೆಣ್ಣು ದನಿಯಲ್ಲಿ, ಅದನ್ನು ನಾವು ಯಂತ್ರದ ಅಕ್ಕ ಎನ್ನುತ್ತಿದ್ದೆವು. ಅವಳು ಬೇಕೆಂದಾಗ ತಾನೇ ಕರೆ ಮಾಡಲೂಬಹುದು. ನಿದ್ದೆ ಬಂತೇ, ಊಟ ಸೇರಿತೇ, ಕೂಸು ಹಾಲು ಕುಡಿಯಿತೇ, ಅಳು ಬಂತೇ, ಹತ್ತಿರ ಯಾರಿದ್ದಾರೆ, ಇಷ್ಟೇ ಪ್ರಶ್ನೆ. ಉತ್ತರದ ಮಾತಿಗೆ ಯಂತ್ರ ಬೆಲೆ ಕೊಡುವುದಿಲ್ಲ, ಏಕೆಂದರೆ ‘ಅರಾಮ ಅದೀನಿ’ ಎಂದು ಎಂಥ ಸಂಕಟದಲ್ಲಿರುವವರೂ ಹೇಳುತ್ತಾರೆ. ಅದು ಅಳೆಯುವುದು ಪ್ರಶ್ನೆಗೂ ಉತ್ತರಕ್ಕೂ ನಡುವಿನ ತಡವನ್ನು, ಮಾತಿನ ಕೊನೆಗೆ ದನಿ ಇಳಿಯುವ ಬಗೆಯನ್ನು, ಉಸಿರು ತುಂಡಾಗುವುದನ್ನು. ಎಲ್ಲ ಕೂಡಿಸಿ ಸೊನ್ನೆಯಿಂದ ನೂರರ ನಡುವೆ ಒಂದು ಅಂಕಿ ಕೊಡುತ್ತದೆ. ಅದನ್ನು ನಾವು ಭಾರ ಎನ್ನುತ್ತಿದ್ದೆವು. ಭಾರ ಅರವತ್ತು ದಾಟಿದರೆ ಆಪ್ತಸಮಾಲೋಚಕಿ ಫೋನ್ ಮಾಡುತ್ತಾಳೆ. ಎಂಬತ್ತು ದಾಟಿದರೆ, ಜಿಲ್ಲೆಗೊಂದರಂತೆ ಇಟ್ಟಿರುವ ವೈದ್ಯರ ವಾಹನ ಯಾರ ಅಪ್ಪಣೆಯೂ ಬೇಕಿಲ್ಲದೆ ಆ ಮನೆಗೆ ಹೊರಡುತ್ತದೆ.

ಯಂತ್ರಕ್ಕೆ ಇದನ್ನೆಲ್ಲ ಯಾರಾದರೂ ಕಲಿಸಬೇಕಲ್ಲ. ಮೊದಲ ಎಂಟು ತಿಂಗಳು ನಾವು ಆರು ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮುದ್ರಿಸಿದ ಕರೆಗಳನ್ನು ಕೇಳಿ, ಇದು ಹಗುರ, ಇದು ಭಾರ ಎಂದು ಗುರುತು ಹಾಕುತ್ತ ಕುಳಿತೆವು. ನನ್ನ ಪಾಲಿಗೆ ಬಂದದ್ದು ಮೂರು ಸಾವಿರದ ಇನ್ನೂರು. ‘ಏನೂ ಚಿಂತಿ ಇಲ್ರಿ, ಕೂಸು ಅರಾಮ, ಬಾಣಂತಿ ಅರಾಮ’ ಎಂದು ಗಟ್ಟಿಯಾಗಿ, ಥಟ್ಟನೆ ಉತ್ತರ ಬಂದರೆ ಹಗುರ ಎಂದು ಒತ್ತಿದೆ. ಬಾಣಂತಿ ತನ್ನ ಬಗ್ಗೆ ತಾನೇ ‘ಬಾಣಂತಿ ಅರಾಮ’ ಎಂದು ಯಾಕೆ ಹೇಳುತ್ತಾಳೆ ಎಂಬ ಪ್ರಶ್ನೆ ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಹೊಳೆಯುವುದಾದರೂ ಹೇಗೆ? ನನ್ನ ಬಾಣಂತನದಲ್ಲೂ ನನ್ನ ಫೋನು ನಮ್ಮವ್ವನ ಕೈಯಲ್ಲೇ ಇತ್ತು. ಬಾಣಂತಿ ಫೋನು ನೋಡಿದರೆ ಕಣ್ಣು ಹೋಗುತ್ತದೆ, ಹೆಚ್ಚು ಮಾತಾಡಿದರೆ ನರ ಸಡಿಲಾಗುತ್ತದೆ, ಕಿವಿಗೆ ಗಾಳಿ ಹೊಕ್ಕರೆ ಜನ್ಮವಿಡೀ ತಲೆನೋವು. ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟು, ಬಾಯಿಗೆ ಅಂಟಿನುಂಡಿ ಕೊಟ್ಟು ಕತ್ತಲೆ ಕೋಣೆಯಲ್ಲಿ ಕೂರಿಸುತ್ತಾರೆ. ಹೊರಗಿನವರಿಗೆ ಉತ್ತರ ಕೊಡುವುದು ಹಿರಿಯಳ ಕೆಲಸ. ಯಂತ್ರ ಹೆಸರು ಕೇಳಿದರೆ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಹೇಳುವಂತೆ, ಆಕೆ ಬಾಣಂತಿಯ ಹೆಸರನ್ನೇ ಹೇಳುತ್ತಾಳೆ. ನಮ್ಮಲ್ಲಿ ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಕಾಳಜಿ ಎನ್ನುತ್ತಾರೆ. ಹೀಗೆ ನಾವು ಆರೂ ಜನ ಸೇರಿ ಐವತ್ತು ದಾಟಿದ ಅವ್ವಂದಿರ ದನಿಯನ್ನು ಆರೋಗ್ಯವಂತ ಬಾಣಂತಿಯ ದನಿ ಎಂದು ಯಂತ್ರಕ್ಕೆ ಕಲಿಸಿಕೊಟ್ಟೆವು.

ಎರಡನೇ ವರ್ಷ ಇನ್ನೊಂದು ಘನಕಾರ್ಯ ನಡೆಯಿತು. ಕೆಲವು ಗಂಡಂದಿರು ಹೆಂಡತಿಯ ಫೋನೆತ್ತಿ ಉತ್ತರ ಕೊಡುತ್ತಿದ್ದಾರೆ ಎಂದು ದೂರು ಬಂತು. ಪ್ರತಿಷ್ಠಾನ ಒಂದು ಸಮಿತಿ ಮಾಡಿತು. ಏಳು ಗಂಡಸರು, ಮಕ್ಕಳು ಕಾಲೇಜು ಮುಟ್ಟಿದ ಒಬ್ಬ ಹೆಂಗಸು. ಅವರು ಧ್ವನಿಬೀಗ ತಂದರು. ಮೊದಲ ಮೂರು ಕರೆಗಳಲ್ಲಿ ಯಾರ ದನಿ ಸಿಕ್ಕಿತೋ ಅದೇ ಆ ಬಾಣಂತಿಯ ದನಿ. ಆಮೇಲೆ ಬೇರೆ ಯಾರು ಮಾತಾಡಿದರೂ ಯಂತ್ರ ‘ಇದು ಬಾಣಂತಿಯ ಧ್ವನಿಯಲ್ಲ, ದಯವಿಟ್ಟು ಬಾಣಂತಿಗೆ ಫೋನ್ ಕೊಡಿ’ ಎಂದು ಹೇಳಿ ಅಳತೆ ನಿಲ್ಲಿಸುತ್ತದೆ. ಆ ಕರೆಯ ಮುದ್ರಣ ‘ಅನ್ಯ ಧ್ವನಿ’ ಎಂಬ ಕಡತಕ್ಕೆ ಬೀಳುತ್ತದೆ. ಒಪ್ಪಿಗೆ ಕೊಡದವರ ದನಿಯನ್ನು ಕೇಳಕೂಡದು ಎಂಬ ನಿಯಮವಿದ್ದುದರಿಂದ ಅದನ್ನು ಯಾರೂ ತೆರೆಯುವಂತಿಲ್ಲ. ಮೂವತ್ತು ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಸಮಿತಿಗೆ ಶಾಲು ಹೊದಿಸಿ ಸನ್ಮಾನ ಮಾಡಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ಇಷ್ಟು ಗೊತ್ತಾದರೆ ಮುಂದಿನದು ಹೇಳಲು ಸುಲಭ.

ಕಳೆದ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಗದಗ ಬೆಟಗೇರಿಯಿಂದ ಗಿರಿಜವ್ವ ಎಂಬ ಆಶಾ ಕಾರ್ಯಕರ್ತೆ ನಮ್ಮ ಕೇಂದ್ರಕ್ಕೆ ಫೋನ್ ಮಾಡಿದಳು. ನೇಕಾರ ಓಣಿಯಲ್ಲಿ ದಾಕ್ಷಾಯಣಿ ಎಂಬ ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಇಂದಿಗೆ ಮೂವತ್ತೊಂದು ದಿನ. ತಾನು ತೂಕ ಮಾಡಲು ಹೋದಾಗ ಕೂಸನ್ನು ತಿರುಗಿ ನೋಡುವುದಿಲ್ಲ, ಹಾಲು ಕುಡಿಸುವಾಗಲೂ ಗೋಡೆ ನೋಡುತ್ತಾಳೆ. ಅವಳ ಅವ್ವ ಪಕ್ಕದಿಂದ ಏಳುವುದಿಲ್ಲವಾದ್ದರಿಂದ ಒಂದು ಮಾತೂ ಕೇಳಲಾಗುತ್ತಿಲ್ಲ. ನಿಮ್ಮ ಯಂತ್ರ ಏನು ಹೇಳುತ್ತದೆ ನೋಡಿ ಹೇಳಿರಿ ಎಂದಳು.

ನಾನು ಪರದೆಯ ಮೇಲೆ ಹೆಸರು ಹುಡುಕಿದೆ. ದಾಕ್ಷಾಯಣಿ ಕಳಸದ, ಇಪ್ಪತ್ನಾಲ್ಕು ವರ್ಷ, ಭಾರ ಹನ್ನೊಂದು. ಒಂದು ದಿನವೂ ಹದಿನಾಲ್ಕು ದಾಟಿಲ್ಲ. ಆ ಹೆಸರನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿ ತಲೆಯೆತ್ತಿದರೆ, ಎದುರಿನ ಗೋಡೆಯ ಮೇಲೇ ಇತ್ತು. ಆ ತಿಂಗಳ ಮಾದರಿ ಬಾಣಂತಿ ಎಂದು ಅವಳ ಭಾರದ ಏರಿಳಿತದ ಗೆರೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಸುತ್ತ ಹೂವಿನ ಚಿತ್ರ ಬಿಡಿಸಿ ತೂಗುಹಾಕಿದ್ದರು. ಏಳು ಜಿಲ್ಲೆಗಳಲ್ಲಿ ಅವಳಷ್ಟು ಹಗುರ ಮನಸ್ಸಿನ ಬಾಣಂತಿ ಇನ್ನೊಬ್ಬಳಿರಲಿಲ್ಲ.

ಹಿಂದಿನ ದಿನದ ಕರೆಯನ್ನು ಹಾಕಿ ಕೇಳಿದೆ. ‘ಭಾಳ ಚಲೋ ಅದಾಳ್ರಿ. ಎರಡ ಹೊತ್ತು ಎಣ್ಣಿ ನೀರು ಹಾಕತೀನಿ. ಅಳೂದೇನಿಲ್ರಿ, ಯಾಕ ಅಳಬೇಕು?’ ಎಂಬ ತುಂಬು ದನಿ. ಮಗ್ಗದ ಸಪ್ಪಳದ ನಡುವೆ ಕೂಗಿ ಮಾತಾಡಿ ರೂಢಿಯಾದ, ಐವತ್ತು ದಾಟಿದ ಹೆಂಗಸಿನ ದನಿ ಅದು. ನಾಲ್ಕು ವರ್ಷದಿಂದ ದಿನಾ ಕೇಳಿದ ದನಿ. ಮೂರು ಸಾವಿರದ ಇನ್ನೂರರಲ್ಲಿ ಅರ್ಧಕ್ಕರ್ಧ ಇದೇ ಇತ್ತು.

ನಿಯಮ ಮುರಿದು ಅನ್ಯ ಧ್ವನಿಯ ಕಡತ ತೆರೆದೆ. ಆ ಫೋನಿನಿಂದ ಏಳು ಕರೆಗಳಿದ್ದವು. ಎಲ್ಲವೂ ಮಧ್ಯಾಹ್ನದ ಹೊತ್ತು, ಅವ್ವ ಬಟ್ಟೆ ಒಗೆಯಲು ಹಿತ್ತಲಿಗೆ ಹೋಗುವ ಸಮಯ. ಮೊದಲನೆಯದು ಇಪ್ಪತ್ಮೂರನೇ ದಿನದ್ದು. ಸಣ್ಣ ದನಿ. ‘ನಾನು ದಾಕ್ಷಾಯಣಿ ಮಾತಾಡೂದ್ರಿ. ನನಗ ಒಂಥರಾ ಆಗಾಕತ್ತೈತಿ.’ ಯಂತ್ರದ ಅಕ್ಕ ಅಕ್ಕರೆಯಿಂದ, ಇದು ಬಾಣಂತಿಯ ಧ್ವನಿಯಲ್ಲ, ಬಾಣಂತಿಗೆ ಫೋನ್ ಕೊಡಿ ಎಂದಳು. ‘ನಾನ ರೀ ಬಾಣಂತಿ’ ಎಂದು ಹುಡುಗಿ ಮೂರು ಸಲ ಹೇಳಿದಳು. ಯಂತ್ರವೂ ಮೂರು ಸಲ ಹೇಳಿತು. ಕರೆ ನಿಂತಿತು.

ಎರಡನೆಯದೂ ಹಾಗೇ. ಮೂರನೆಯದರಲ್ಲಿ ಆ ಹುಡುಗಿ ತನ್ನ ಅವ್ವನ ದನಿ ತೆಗೆಯಲು ನೋಡಿದ್ದಳು. ಯಂತ್ರಕ್ಕೆ ಬೇಕಾದ ದನಿ ಯಾವುದೆಂದು ಅವಳಿಗೆ ಅಷ್ಟೊತ್ತಿಗೆ ತಿಳಿದಿತ್ತು. ಗಂಟಲು ದಪ್ಪ ಮಾಡಿಕೊಂಡು, ‘ದಾಕ್ಷಾಯಣಿ ಕಳಸದ ರೀ, ಭಾಳ ಚಲೋ ಅದಾಳ್ರಿ’ ಎಂದು ಕೂಗಿದಳು. ಒಳಗೆ ಬಿಟ್ಟುಕೊಂಡರೆ ಸಾಕು, ಆಮೇಲೆ ನಿಜ ಹೇಳೋಣ ಎಂದುಕೊಂಡಿರಬೇಕು. ಯಂತ್ರ ಅದನ್ನೂ ಹಿಡಿಯಿತು. ಕಳ್ಳರನ್ನು ಹಿಡಿಯುವುದರಲ್ಲಿ ನಮ್ಮ ಯಂತ್ರ ಭಾರೀ ಚುರುಕು. ನಾಲ್ಕು, ಐದು, ಆರರಲ್ಲಿ ಬರೀ ಉಸಿರು ಮತ್ತು ಕೂಸಿನ ಅಳು. ಏಳನೆಯದು ಹಿಂದಿನ ದಿನ ಮಧ್ಯಾಹ್ನದ್ದು. ‘ನೀವು ನನ್ನ ಜೋಡಿ ಮಾತಾಡಬ್ಯಾಡ್ರಿ, ಇರಲಿ. ನನ್ನ ಒಬ್ಬಾಕಿನ್ನ ಕೂಸಿನ ಹಂತ್ಯಾಕ ಬಿಡಬ್ಯಾಡ್ರಿ ಅಂತ ಯಾರಿಗರ ಹೇಳ್ರಿ.’ ಯಂತ್ರ ಅದಕ್ಕೂ ತನ್ನ ಪಾಠ ಒಪ್ಪಿಸಿತು.

ವಾರ್ಡಿನಲ್ಲಿ ಹದಿನಾಲ್ಕು ವರ್ಷ ಕಳೆದವಳಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ: ತನ್ನ ಕೈಯಿಂದಲೇ ಕೂಸಿಗೆ ಏನಾದರೂ ಆದೀತೆಂದು ಹುಡುಗಿ ಹೆದರಿದ್ದಳು. ನಾನು ಮೊದಲು ಗಿರಿಜವ್ವನಿಗೆ ಫೋನ್ ಮಾಡಿ, ಈಗಲೇ ಆ ಮನೆಗೆ ಹೋಗಿ ಕೂರು, ಏನಾದರೂ ನೆಪ ಹೇಳು, ಆ ಹುಡುಗಿಯನ್ನೂ ಕೂಸನ್ನೂ ಒಂದು ಕ್ಷಣವೂ ಬಿಟ್ಟು ಏಳಬೇಡ ಎಂದೆ. ಆಮೇಲೆ ಜಾಲಿಹಾಳರ ಕೋಣೆಗೆ ಓಡಿದೆ.

ಡಾ. ಮುಕುಂದ ಜಾಲಿಹಾಳ ನಮ್ಮ ಕೇಂದ್ರದ ಮುಖ್ಯಸ್ಥರು. ಕೆಟ್ಟವರಲ್ಲ; ದನಿಯೇರಿಸಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿ, ಮೊದಲಿಗೆ ಅನ್ಯ ಧ್ವನಿಯ ಕಡತ ತೆರೆದದ್ದು ಎಷ್ಟು ಗಂಭೀರ ತಪ್ಪು ಎಂದು ವಿವರಿಸಿದರು. ಅದು ಯಾವಳೋ ನಾದಿನಿಯೋ ನೆರೆಯವಳೋ ಇರಬಹುದು, ಆ ಹುಡುಗಿಯೇ ಎಂಬುದಕ್ಕೆ ಏನು ಆಧಾರ ಎಂದರು. ವಾಹನ ಕಳಿಸಿ ಎಂದೆ. ಕೈಯಿಂದ ಕಳಿಸುವ ಗುಂಡಿಯನ್ನು ಹೋದ ವರ್ಷವೇ ತೆಗೆಸಿದ್ದಾರೆ, ಪ್ರಭಾವಿಗಳ ಮನೆಗೆ ನೆಗಡಿಗೂ ವಾಹನ ಹೋಗುತ್ತಿತ್ತು ಎಂದರು. ಅದು ನಿಜವೇ. ಧ್ವನಿಬೀಗವಾದರೂ ತೆಗೆಯಿರಿ ಎಂದರೆ, ಅದಕ್ಕೆ ನೋಂದಾಯಿತ ದನಿಯೇ ಫೋನಿನಲ್ಲಿ ‘ಇದು ನಾನಲ್ಲ’ ಎಂದು ಹೇಳಬೇಕು, ಬೇರೆಯವರು ಹೇಳಿದರೆ ಯಂತ್ರ ಒಪ್ಪುವುದಿಲ್ಲ ಎಂದರು.

‘ಸಿಸ್ಟರ್, ಹನ್ನೊಂದು ಭಾರ ಇರೋ ಮನಿಗೆ ವಾಹನ ಕಳಿಸಿ, ಆ ಹೊತ್ತಿಗೆ ಎಂಬತ್ತೈದರ ಮನಿಯಿಂದ ಕರೆ ಬಂದ್ರ ನಾ ಯಾರಿಗೆ ಉತ್ತರಾ ಹೇಳಲಿ?’

ಪ್ರಶ್ನೆ ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಇದು ಹನ್ನೊಂದಲ್ಲ, ನಿಮ್ಮ ಹನ್ನೊಂದು ಅವರ ಅವ್ವನದು ಎಂದು ಕೂಗಿದೆ. ಆ ಕೇಂದ್ರದಲ್ಲಿ ಅದುವರೆಗೆ ಯಾರೂ ಕೂಗಿರಲಿಲ್ಲ. ಹೊರಗೆ ಕುಳಿತಿದ್ದ ಸಮಾಲೋಚಕಿ ಹುಡುಗಿಯರೆಲ್ಲ ಹೆಡ್‌ಫೋನ್ ತೆಗೆದು ನೋಡಿದರು. ಏಳೂ ಕರೆಗಳನ್ನು ನನ್ನ ಫೋನಿಗೆ ಹಾಕಿಕೊಂಡು, ಕತ್ತಿನ ಗುರುತಿನ ಚೀಟಿಯನ್ನು ಅವರ ಮೇಜಿನ ಮೇಲಿಟ್ಟು ಗದಗಿನ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಆ ಶಂಕ್ರವ್ವನಿಗೆ, ಅಂದರೆ ದಾಕ್ಷಾಯಣಿಯ ಅವ್ವನಿಗೆ, ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಹೊಸ್ತಿಲು ದಾಟಿದಾಗ ಅದರಲ್ಲಿ ಅರ್ಧ ಹೋಯಿತು. ಗಂಡ ಸತ್ತ ಮೇಲೆ ಓಣಿಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ ಮಗಳನ್ನು ಬಿ.ಕಾಂ. ಓದಿಸಿದ ಹೆಂಗಸು ಆಕೆ. ಮೂವತ್ತೊಂದು ದಿನದಿಂದ ಒಂದು ಇಡೀ ರಾತ್ರಿ ಮಲಗಿರಲಿಲ್ಲ ಎಂಬುದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಬಾಣಂತಿ ಕೋಣೆಯಲ್ಲಿ ಇದ್ದಿಲ ಶೇಗಡಿ ಉರಿಯುತ್ತಿತ್ತು, ಲೋಬಾನದ ಹೊಗೆ ಕಟ್ಟಿಕೊಂಡಿತ್ತು. ಗಿರಿಜವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ದಾಕ್ಷಾಯಣಿ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ತಲೆಯ ಬಟ್ಟೆ ಎಷ್ಟು ಬಿಗಿಯಾಗಿತ್ತೆಂದರೆ ಹುಬ್ಬು ಮೇಲಕ್ಕೆ ಜಗ್ಗಿತ್ತು.

ಯಾರು ಕಳಿಸಿದರು, ಯಾಕೆ ಬಂದಿರಿ ಎಂದು ಶಂಕ್ರವ್ವ ಕೇಳಿದಳು. ಹೇಳಿದೆ. ಆಕೆಗೆ ಸಿಟ್ಟು ಬಂತು. ತಾನು ದಿನಾ ಆ ಫೋನಿಗೆ ತಪ್ಪದೆ ಉತ್ತರ ಕೊಟ್ಟಿದ್ದೇನೆ, ಒಂದು ದಿನ ಬಿಟ್ಟಿಲ್ಲ ಎಂದಳು. ಮಗಳು ಮಂಕಾಗಿರುವುದು ತನಗೂ ಕಂಡಿದೆ, ಎರಡು ಸಲ ನಿವಾಳಿಸಿ ಹಾಕಿದ್ದೇನೆ, ಕೂಸಿನ ಮುಖ ನೋಡುತ್ತ ನೋಡುತ್ತ ಸರಿಹೋಗುತ್ತಾಳೆ ಎಂದಳು. ಅಳಿಯನೂ ಫೋನಿನಲ್ಲಿ ಅವ್ವ ಹೇಳಿದಂತೆ ಕೇಳು ಎಂದಿದ್ದಾನಂತೆ.

‘ನಾ ಏನ ಕಡಿಮಿ ಮಾಡೀನಿ ಹೇಳ್ರಿ. ಆಕಿ ಬಾಯಿ ಬಿಟ್ಟು ಒಂದ ಮಾತು ಅಂದಾಳೇನ, ಕೇಳ್ರಿ ಆಕಿನ್ನ.’

ನಾನು ನನ್ನ ಫೋನು ತೆಗೆದು ಏಳೂ ಕರೆಗಳನ್ನು ಒಂದರ ಹಿಂದೊಂದು ಹಾಕಿದೆ. ಮೂರನೆಯದು ಬಂದಾಗ, ತನ್ನ ದನಿಯನ್ನೇ ಮಗಳು ತೆಗೆಯಲು ಒದ್ದಾಡುತ್ತಿರುವುದನ್ನು ಕೇಳಿ ಶಂಕ್ರವ್ವ ಅಲ್ಲೇ ನೆಲಕ್ಕೆ ಕುಳಿತಳು. ಏಳನೆಯದು ಮುಗಿದ ಮೇಲೆ ಹೊರಸಿನ ಕಡೆಯಿಂದ ಸದ್ದಾಯಿತು. ದಾಕ್ಷಾಯಣಿ ಗೋಡೆ ಬಿಟ್ಟು ನಮ್ಮ ಕಡೆ ತಿರುಗಿದ್ದಳು.

‘ಅದು ನಾನಲ್ಲಂತ್ರಿ’ ಎಂದಳು. ‘ಅವರು ಹಂಗ ಅಂದ್ರು.’

ಆ ಮಾತನ್ನು ಆಕೆ ದೂರಿನಂತೆ ಹೇಳಲಿಲ್ಲ. ಸುದ್ದಿ ಹೇಳುವಂತೆ ಹೇಳಿದಳು. ಅದು ನೀನೇ, ನಾನು ಕೇಳಿ ಗುರುತು ಹಿಡಿದೇ ಇಲ್ಲಿಗೆ ಬಂದಿದ್ದೇನೆ ಎಂದೆ. ಆಕೆ ನಂಬಿದಂತೆ ಕಾಣಲಿಲ್ಲ.

ಶಂಕ್ರವ್ವನ ಕೈಗೆ ದಾಕ್ಷಾಯಣಿಯ ಫೋನು ಕೊಟ್ಟೆ. ಬೀಗ ತೆಗೆಯಲು ನೀವೇ ಹೇಳಬೇಕು, ನಾನು ದಾಕ್ಷಾಯಣಿ ಅಲ್ಲ ಎಂದು ಒಂದು ಮಾತು ಹೇಳಿಬಿಡಿ, ಆಮೇಲೆ ಆಕೆಯ ದನಿ ಒಳಗೆ ಹೋಗುತ್ತದೆ ಎಂದೆ. ಕರೆ ಹತ್ತಿತು. ಯಂತ್ರದ ಅಕ್ಕ ಎಂದಿನಂತೆ ಹೆಸರು ಕೇಳಿದಳು. ಶಂಕ್ರವ್ವ ಬಾಯಿ ತೆರೆದಳು, ದನಿ ಬರಲಿಲ್ಲ. ಎರಡನೇ ಸಲ ಕೇಳಿದಾಗ ಬಂತು.

‘ನಾ ದಾಕ್ಷಾಯಣಿ ಅಲ್ರಿ... ನಾ ಆಕಿ ಅವ್ವ... ನನ್ನ ಕಣ್ಣ ಮುಂದ ಕುಂತಿದ್ಲು... ನನಗ ಕಾಣಲಿಲ್ಲ... ಮೂವತ್ತ ದಿನಾ ನಿಮಗ ಸುಳ್ಳ ಹೇಳೀನಿ...’

ನಡುನಡುವೆ ಉಸಿರು ತುಂಡಾಗುತ್ತಿತ್ತು, ಪ್ರತಿ ಮಾತಿನ ಕೊನೆಗೆ ದನಿ ಕುಸಿಯುತ್ತಿತ್ತು. ಬೀಗ ತೆಗೆಯಲು ಬೇಕಾದ ಮಾತನ್ನು ಯಂತ್ರ ಹುಡುಕಲೇ ಇಲ್ಲ, ಏಕೆಂದರೆ ಅದಕ್ಕೂ ಮೊದಲು ಅಳತೆ ಮುಗಿದಿತ್ತು. ನೋಂದಾಯಿತ ದನಿ, ದಾಕ್ಷಾಯಣಿ ಕಳಸದ, ಭಾರ ಎಂಬತ್ತಾರು. ‘ಧೈರ್ಯವಾಗಿರಿ ಅಕ್ಕಾ, ನೀವು ಒಂಟಿಯಲ್ಲ. ವಾಹನ ಹೊರಟಿದೆ’ ಎಂದಿತು.

ನನಗೆ ನಗು ಬಂತು. ಅಂಥ ನಗು ಯಾರಿಗೂ ಬರದಿರಲಿ. ಎಂಟು ದಿನ ಬಾಗಿಲು ಬಡಿದ ಹುಡುಗಿಗೆ ತೆರೆಯದ ಯಂತ್ರ, ಅವಳ ಅವ್ವನ ಅಳುವಿಗೆ ನಲವತ್ತು ಸೆಕೆಂಡಿನಲ್ಲಿ ಡಾಕ್ಟರನ್ನು ಕಳಿಸಿತ್ತು. ತಪ್ಪಾಗಿದೆ ಎಂದು ತಿದ್ದಿ ಹೇಳಲು ನನಗೆ ಗೊತ್ತಿತ್ತು, ಗಿರಿಜವ್ವ ನನ್ನ ಮುಖ ನೋಡಿದಳು, ತಿದ್ದಿದರೆ ವಾಹನ ಅರ್ಧ ದಾರಿಯಿಂದ ತಿರುಗೀತೆಂದು ನಾನು ಫೋನು ಕೆಳಗಿಟ್ಟೆ.

ಮುಕ್ಕಾಲು ಗಂಟೆಗೆ ವಾಹನ ಬಂತು. ಅದರಲ್ಲಿದ್ದವರು ಡಾ. ರೇಷ್ಮಾ ಮುಲ್ಲಾ, ಇನ್ನೂ ಮೂವತ್ತಾಗಿರದ ಹೆಣ್ಣುಮಗಳು. ಕೈಯ ಟ್ಯಾಬ್ಲೆಟ್ ನೋಡಿ, ನೆಲದ ಮೇಲೆ ಅಳುತ್ತಿದ್ದ ಶಂಕ್ರವ್ವನನ್ನು ನೋಡಿ, ರೋಗಿ ಯಾರು ಎಂದು ಕೇಳಿದರು. ಹೊರಸಿನ ಕಡೆ ಕೈ ತೋರಿಸಿದೆ. ನಿಯಮದ ಪ್ರಕಾರ ಅವರು ಮೊದಲು ಟ್ಯಾಬ್ಲೆಟ್ಟಿಗೆ ರೋಗಿಯ ದನಿ ಕೊಟ್ಟು ಖಾತ್ರಿ ಮಾಡಿಕೊಳ್ಳಬೇಕಿತ್ತು. ನಾನು ನಾಲ್ಕು ಮಾತಿನಲ್ಲಿ ಕಥೆ ಹೇಳಿದೆ. ಅವರು ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿ, ಕಿಟಕಿ ತೆರೆಸಿ, ದಾಕ್ಷಾಯಣಿಯ ತಲೆಯ ಬಟ್ಟೆಯನ್ನು ತಾವೇ ಮೆಲ್ಲಗೆ ಬಿಚ್ಚಿ, ಕಿವಿಯ ಹತ್ತಿ ತೆಗೆದು ಎದುರಿಗೆ ಕುಳಿತರು. ಉಳಿದವರೆಲ್ಲ ಹೊರಗೆ ಹೋದೆವು. ಒಂದು ತಾಸಿನ ಮೇಲೆ ಬಾಣಂತಿ, ಕೂಸು, ಶಂಕ್ರವ್ವ ಮೂವರನ್ನೂ ಕರೆದುಕೊಂಡು ವಾಹನ ಆಸ್ಪತ್ರೆಗೆ ಹೋಯಿತು. ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು ಇತ್ತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತ. 

ಮರುದಿನ ಕೇಂದ್ರದಲ್ಲಿ ಸಿಹಿ ಹಂಚಿದರು. ಮೇಲ್ನೋಟಕ್ಕೆ ಅತ್ಯಂತ ಆರೋಗ್ಯವಂತಳಾಗಿದ್ದ ಬಾಣಂತಿಯ ಮನಸ್ಸು ಹಠಾತ್ತನೆ ಕುಸಿದದ್ದನ್ನು ಯಂತ್ರ ಕ್ಷಣಾರ್ಧದಲ್ಲಿ ಪತ್ತೆ ಹಚ್ಚಿ ಎರಡು ಜೀವ ಉಳಿಸಿತು ಎಂದು ವರದಿ ಸಿದ್ಧವಾಗಿತ್ತು. ಗೋಡೆಯ ಮೇಲಿದ್ದ ಹಳೆಯ ಗೆರೆ ತೆಗೆದು, ಹನ್ನೊಂದರಿಂದ ಎಂಬತ್ತಾರಕ್ಕೆ ನೆಟ್ಟಗೆ ಏರಿದ ಹೊಸ ಗೆರೆ ಹಾಕಲು ಅಳತೆ ತೆಗೆದುಕೊಳ್ಳುತ್ತಿದ್ದರು. ನಿಯಮ ಮುರಿದದ್ದನ್ನು ಮನ್ನಿಸಿ, ಗುರುತಿನ ಚೀಟಿ ವಾಪಸು ಕೊಟ್ಟು ನನ್ನನ್ನು ಸಾಕ್ಷಿಯಾಗಿ ಸಹಿ ಮಾಡಲು ಕರೆದರು. ಜಾಲಿಹಾಳರು ನಿಜವಾಗಿಯೂ ಖುಷಿಯಲ್ಲಿದ್ದರು. ಅವರ ಯಂತ್ರದ ಪ್ರಕಾರ ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ನಾನು ಸಹಿ ಮಾಡಲಿಲ್ಲ. ಬದಲಿಗೆ ನನ್ನದೇ ಒಂದು ದೂರು ಬರೆದುಕೊಟ್ಟೆ. ಅದರಲ್ಲಿ ಮೊದಲ ತಪ್ಪಿತಸ್ಥಳ ಜಾಗದಲ್ಲಿ ನನ್ನ ಹೆಸರು ಬರೆದೆ, ಮೂರು ಸಾವಿರದ ಇನ್ನೂರು ಗುರುತು ಹಾಕಿದ್ದು ನಾನೇ ತಾನೆ. ಅನ್ಯ ಧ್ವನಿಯ ಕಡತದಲ್ಲಿ ಆ ಹೊತ್ತಿಗೆ ಇನ್ನೂರ ಅರವತ್ಮೂರು ಫೋನುಗಳ ಕರೆಗಳಿದ್ದವು. ಇಬ್ಬರು ಹುಡುಗಿಯರು ಊಟದ ಬಿಡುವಿನಲ್ಲಿ ಬಾಗಿಲಿಗೆ ಕಾವಲು ನಿಂತರು, ನಾನು ನೋಟುಬುಕ್ಕಿಗೆ ನಂಬರು ಇಳಿಸಿಕೊಂಡೆ. ನಾಲ್ಕು ದಿನ ಏಳು ಜಿಲ್ಲೆಯ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದರು. ಹೆಚ್ಚಿನವು ಗಂಡಂದಿರ, ಮಕ್ಕಳ ಕರೆಗಳು. ತೊಂಬತ್ನಾಲ್ಕು ಮನೆಗಳಲ್ಲಿ ಮಾತಾಡಿದವಳು ಬಾಣಂತಿಯೇ. ಹತ್ತೊಂಬತ್ತು ಜನರನ್ನು ಆಸ್ಪತ್ರೆಗೆ ಸೇರಿಸಿದೆವು. ಎರಡು ಮನೆಗಳಿಗೆ ನಾವು ಹೋದದ್ದು ತಡವಾಗಿತ್ತು. ಒಂದು ಮನೆಯಲ್ಲಿ ಯಂತ್ರದ ಕರೆ ಆ ದಿನ ಬೆಳಿಗ್ಗೆಯೂ ಬಂದಿತ್ತಂತೆ. ಆ ಎರಡು ಮನೆಗಳ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯುವ ಹಕ್ಕು ನನಗಿಲ್ಲ.

ನನ್ನನ್ನು ಕೆಲಸದಿಂದ ತೆಗೆದರು. ಅದಕ್ಕೆ ನನ್ನ ತಕರಾರಿಲ್ಲ. ಯಂತ್ರವನ್ನು ನಿಲ್ಲಿಸಿಲ್ಲ, ನನ್ನ ದೂರಿನ ಮೇಲೆ ಜಾಲಿಹಾಳರು ಆ ‘ತಾಂತ್ರಿಕ ಕೊರತೆ’ಗಳ ವರದಿ ಬರೆದು, ಧ್ವನಿಬೀಗದ ಪರಿಶೀಲನೆಗೆ ಹೊಸ ಸಮಿತಿ ಆಗಿದೆಯಂತೆ.

ಮೂರು ವಾರ ಕಳೆದು ದಾಕ್ಷಾಯಣಿಯನ್ನು ನೋಡಲು ಆಸ್ಪತ್ರೆಗೆ ಹೋದೆ. ನಿದ್ದೆ ಬರುತ್ತಿತ್ತು, ಮದ್ದು ಹತ್ತಿತ್ತು, ಮುಖಕ್ಕೆ ರಕ್ತ ಬಂದಿತ್ತು. ಕೂಸು ಅವಳ ಎಡಗೈಯಲ್ಲಿ ಮಲಗಿತ್ತು. ಶಂಕ್ರವ್ವ ನನ್ನನ್ನು ಕಂಡು ಎದ್ದು ಕೈಮುಗಿದಳು, ನೀವು ಬರದಿದ್ದರೆ ಏನಾಗುತ್ತಿತ್ತೋ ಎಂದಳು. ಸುಳ್ಳು ಯಾಕೆ, ಅದನ್ನು ಕೇಳಲಿಕ್ಕೇ ನಾನು ಹೋಗಿದ್ದೆ ಎಂದು ಕಾಣುತ್ತದೆ. ಮಗಳು ಮಾತ್ರ ಕೈಮುಗಿಯಲಿಲ್ಲ. ನನ್ನನ್ನು ನೆಟ್ಟಗೆ ನೋಡುತ್ತಿದ್ದಳು.

‘ನಾ ಮಾತಾಡಿದ್ದು ಏಳೂ ಕೇಳೀರೇನ್ರಿ?’ ಎಂದಳು.

ಕೇಳಿದ್ದೇನೆ ಎಂದೆ.

‘ಯಾವಾಗ?’

ಎಂಟು ದಿನ ಆದ ಮೇಲೆ ಎಂದೆ. ಶಂಕ್ರವ್ವ ಮಗಳ ತೋಳು ಹಿಡಿದು ಸುಮ್ಮನಿರುವಂತೆ ಸನ್ನೆ ಮಾಡಿದಳು. ದಾಕ್ಷಾಯಣಿ ಆ ಕೈಯನ್ನು ಬಿಡಿಸಿಕೊಂಡಳು. ಅವಳ ಕಣ್ಣಲ್ಲಿದ್ದದ್ದು ಕಾಯಿಲೆಯಲ್ಲ, ಸಿಟ್ಟು. ಅದನ್ನು ನೋಡಿ ನನಗೆ ಮೊದಲ ಬಾರಿ ಈಕೆ ಬದುಕುತ್ತಾಳೆ ಎಂದು ಖಾತ್ರಿಯಾಯಿತು.

‘ಆಮ್ಯಾಲ ಕೇಳೋ ಮಂದಿ ನಮ್ಮ ಓಣ್ಯಾಗೂ ಭಾಳ ಅದಾರ್ರಿ’ ಎಂದಳು. ‘ಅದಕ್ಕೊಂದು ಯಂತ್ರ ಯಾಕ ಬೇಕಾಗಿತ್ತು?’